'ಐ ಹ್ಯಾವ್' ಎಲ್ಲಿ, 'ಐ ಆಮ್ ಹ್ಯಾವಿಂಗ್' ಎಲ್ಲಿ?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಒಂದೇ ಒಂದು ಕ್ರಿಯಾಪದ: ಹ್ಯಾವ್.

ಇಂಟರ್‌ವ್ಯೂಗೆ ತಯಾರಾಗೋ ಗೆಳೆಯರ ಬಾಯಲ್ಲಿ ನಾನು ಪದೇಪದೇ ಕೇಳೋ ವಾಕ್ಯ ಇದು: 'ಐ ಆಮ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯನ್ಸ್.' ಅರ್ಥ ಆಗುತ್ತೆ, ನಿಜ. ಆದ್ರೆ ಎದುರು ಕೂತವರು ಗ್ರಾಮರ್ ನೋಡುವವರಾದ್ರೆ ಮೊದಲ ವಾಕ್ಯದಲ್ಲೇ ಅಂಕ ಹೋಗಬಹುದು.

ಇದು ದಡ್ಡತನ ಏನಲ್ಲ. ಕನ್ನಡದಲ್ಲಿ 'ಹ್ಯಾವ್'ಗೆ ನೇರವಾದ ಕ್ರಿಯಾಪದವೇ ಇಲ್ಲ. ನಾವು 'ಇರು' ಬಳಸ್ತೀವಿ: ನನಗೆ ಇಬ್ಬರು ತಂಗಿಯರಿದ್ದಾರೆ, ನನ್ನ ಹತ್ತಿರ ಬೈಕ್ ಇದೆ, ನನಗೆ ಜ್ವರ ಇದೆ. ಇಂಗ್ಲಿಷ್‌ನಲ್ಲಿ ಮೂರಕ್ಕೂ 'ಐ ಹ್ಯಾವ್' ಸಾಕು. ಅವನು, ಅವಳು ಅಂತ ಬಂದ್ರೆ 'ಹ್ಯಾಸ್'. ನಮ್ಮಲ್ಲಿ 'ಬೈಕ್ ಇದೆ', 'ಮಳೆ ಬರ್ತಾ ಇದೆ' ಎರಡರ ಕೊನೆಗೂ ಅದೇ 'ಇದೆ' ಬರುತ್ತೆ. ಹಾಗಾಗಿ ಜಾರೋದು ಸುಲಭ.

ಹಾಗಾದ್ರೆ 'ಹ್ಯಾವಿಂಗ್' ತಪ್ಪಾ? ಯಾವಾಗಲೂ ಅಲ್ಲ. 'ಐ ಆಮ್ ಹ್ಯಾವಿಂಗ್ ಲಂಚ್' ಸರಿ, ಅಲ್ಲಿ ಹ್ಯಾವ್ ಅಂದ್ರೆ ಊಟ ಮಾಡೋದು. 'ವಿ ಆರ್ ಹ್ಯಾವಿಂಗ್ ಎ ಮೀಟಿಂಗ್' ಕೂಡ ಸರಿ, ಮೀಟಿಂಗ್ ನಡೀತಾ ಇದೆ.

ನಾನು ಓದಿದ್ದು ಬಿ.ಕಾಂ., ಅದಕ್ಕೇ ಹೀಗೆ ನೆನಪಿಟ್ಕೊಂಡಿದ್ದೀನಿ: ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿ ಬರೆಯೋ ಹಾಗೆ ಬರೀ 'ಇದೆ' ಅಂದ್ರೆ ಹ್ಯಾವ್, 'ಈಗ ನಡೀತಾ ಇದೆ' ಅಂದ್ರೆ ಹ್ಯಾವಿಂಗ್.

ಅನುಭವ ನಿಮ್ಮ ಆಸ್ತಿ ತಾನೇ? ಹಾಗಾಗಿ: 'ಐ ಹ್ಯಾವ್ ಟೂ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್.' ಈಗಲೇ ಒಂದ್ಸಲ ಜೋರಾಗಿ ಹೇಳಿ. ಬಸ್‌ನಲ್ಲಿದ್ರೆ ಮನಸ್ಸಲ್ಲೇ. ಮತ್ತೆ ಸಿಗೋಣ.