ಫೋನಿನ ದಿಕ್ಸೂಚಿ ದಾರಿ ತಪ್ಪಿದಾಗ

ಮೊಬೈಲ್ ಫೋನು, ಟ್ಯಾಬ್ಲೆಟ್‌ಗಳ ದಿಕ್ಸೂಚಿ ಎಂದರೆ ಒಂದೆರಡು ಮಿಲಿಮೀಟರ್ ಅಗಲದ ಒಂದು ಚಿಪ್. ಅದರಲ್ಲಿ ಮುಳ್ಳಿಲ್ಲ, ತಿರುಗುವ ಭಾಗ ಯಾವುದೂ ಇಲ್ಲ. ಉದ್ದ, ಅಗಲ, ಎತ್ತರ ಈ ಮೂರು ದಿಕ್ಕಿನಲ್ಲೂ ತನ್ನನ್ನು ತಾಕುವ ಕಾಂತಕ್ಷೇತ್ರ ಎಷ್ಟಿದೆ ಎಂದು ಅಳೆಯುವುದೇ ಅದರ ಕೆಲಸ. ಹೆಚ್ಚಿನ ಫೋನುಗಳಲ್ಲಿ ಈ ಅಳತೆ ನಡೆಯುವುದು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ತತ್ವದ ಮೇಲೆ: ವಿದ್ಯುತ್ ಹರಿಯುತ್ತಿರುವ ತೆಳು ಹಾಳೆಗೆ ಅಡ್ಡಲಾಗಿ ಕಾಂತಕ್ಷೇತ್ರವಿದ್ದರೆ ಹಾಳೆಯ ಎರಡು ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಫೋನನ್ನು ಯಾವ ಓರೆಯಲ್ಲಿ ಹಿಡಿದಿದ್ದಾರೆ ಎಂಬುದನ್ನು ಇನ್ನೊಂದು ಸೆನ್ಸರ್ ತಿಳಿಸುತ್ತದೆ. ಎರಡನ್ನೂ ಕೂಡಿಸಿ ಉತ್ತರ ದಿಕ್ಕನ್ನು ಲೆಕ್ಕ ಹಾಕುವುದು ಸಾಫ್ಟ್‌ವೇರ್‌ನ ಕೆಲಸ.

2008ರ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ, 2009ರ ಐಫೋನ್ 3ಜಿಎಸ್‌ನಲ್ಲಿ ಈ ಚಿಪ್ ಇತ್ತು. ಇಂದು ನಿವೇಶನದ ವಾಸ್ತು ನೋಡುವವರು, ನಮಾಜಿಗೆ ಕಿಬ್ಲಾ ಹುಡುಕುವವರು, ಚಾವಣಿಯ ಮೇಲೆ ಸೋಲಾರ್ ಫಲಕವನ್ನು ದಕ್ಷಿಣಕ್ಕೆ ತಿರುಗಿಸುವವರು, ಘಟ್ಟಗಳಲ್ಲಿ ಚಾರಣ ಮಾಡುವವರು ಎಲ್ಲರೂ ಅದನ್ನೇ ನಂಬುತ್ತಾರೆ. ಜಿಪಿಎಸ್ ಇದ್ದ ಮೇಲೆ ಇದೇಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಜಿಪಿಎಸ್ ನಿಂತ ಜಾಗವನ್ನು ಹೇಳುತ್ತದೆ, ನಡೆಯತೊಡಗಿದರೆ ಸಾಗುವ ದಿಕ್ಕನ್ನೂ ಹೇಳುತ್ತದೆ. ನಿಂತಲ್ಲೇ ಮುಖ ಯಾವ ಕಡೆಗಿದೆ ಎಂದು ಹೇಳಲು ಅದಕ್ಕಾಗುವುದಿಲ್ಲ. ಕೂಡುರಸ್ತೆಯಲ್ಲಿ ನಿಂತು ಮ್ಯಾಪ್ ತೆರೆದಾಗ ನೀಲಿ ಚುಕ್ಕೆಯ ಮುಂದಿನ ಬೆಳಕಿನ ಪಟ್ಟಿ ಎದುರು ದಿಕ್ಕಿಗೆ ತಿರುಗಿದ್ದರೆ ತಪ್ಪಿರುವುದು ದಿಕ್ಸೂಚಿ, ಜಿಪಿಎಸ್ ಅಲ್ಲ.

ದಿಕ್ಸೂಚಿಯ ಮಟ್ಟಿಗೆ ಕರ್ನಾಟಕ ಅನುಕೂಲದ ಜಾಗ. ಇಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40ರಿಂದ 43 ಮೈಕ್ರೊಟೆಸ್ಲಾ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ, ಬೆಂಗಳೂರಿನಲ್ಲಿ ಈ ಕ್ಷೇತ್ರ ನೆಲದತ್ತ ಬಾಗುವುದು 15 ಡಿಗ್ರಿಗೂ ಕಡಿಮೆ. ಅದರ ಬಲವೆಲ್ಲ ಬಹುಪಾಲು ಅಡ್ಡಲಾಗಿಯೇ ಇರುತ್ತದೆ. ಲಂಡನ್ನಿನಲ್ಲಿ ಒಟ್ಟು ಕ್ಷೇತ್ರ ಇದಕ್ಕಿಂತ ಹೆಚ್ಚಿದ್ದರೂ ಅದು ಸುಮಾರು 66 ಡಿಗ್ರಿ ಕೆಳಕ್ಕೆ ಬಾಗಿರುತ್ತದೆ. ಉತ್ತರವನ್ನು ತೋರಿಸಲು ಒದಗುವ ಅಡ್ಡ ಭಾಗ ಅಲ್ಲಿ 20 ಮೈಕ್ರೊಟೆಸ್ಲಾದಷ್ಟು, ಅಂದರೆ ಬೆಂಗಳೂರಿನದರ ಅರ್ಧ. ಹೀಗಿರುವಾಗ ಕರ್ನಾಟಕದಲ್ಲಿ ದಿಕ್ಸೂಚಿ ತಪ್ಪಿದರೆ ಭೂಮಿಯನ್ನು ದೂರುವ ಹಾಗಿಲ್ಲ. ಕಾರಣ ಹತ್ತಿರದಲ್ಲೇ, ಹೆಚ್ಚಿನ ಸಲ ಕೈಯಳತೆಯೊಳಗೇ ಇರುತ್ತದೆ.

ಈ ಮಾತಿಗೆ ಅಲಿಬಾಗ್‌ನ ಕಾಂತ ವೀಕ್ಷಣಾಲಯಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರವನ್ನು ಅಳೆಯುತ್ತಿದ್ದರು. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಕುದುರೆ ಎಳೆಯುವ ಟ್ರಾಮಿನ ಜಾಗಕ್ಕೆ ವಿದ್ಯುತ್ ಟ್ರಾಮ್ ತರುವ ಯೋಜನೆ ನಗರದಲ್ಲಿ ಸಿದ್ಧವಾಯಿತು. ಟ್ರಾಮಿನ ಹಳಿಗಳಲ್ಲೂ ನೆಲದಲ್ಲೂ ಹರಿಯುವ ವಿದ್ಯುತ್ತು ಅಳತೆಗಳನ್ನೆಲ್ಲ ಕೆಡಿಸುವುದು ಖಚಿತವಿತ್ತು. ಕೊಲಾಬಾದ ಮೊದಲ ಭಾರತೀಯ ನಿರ್ದೇಶಕರಾದ ನಾನಾಭಾಯ್ ಮೂಸ್ ಅವರ ಕಾಲದಲ್ಲಿ ವೀಕ್ಷಣಾಲಯವನ್ನೇ ಸಮುದ್ರದಾಚೆಗೆ, ಸುಮಾರು 30 ಕಿಲೋಮೀಟರ್ ದೂರದ ಅಲಿಬಾಗ್‌ಗೆ ಸಾಗಿಸಲಾಯಿತು. ಹೊಸ ಕಟ್ಟಡಕ್ಕೆ ಕಾಂತಗುಣವಿಲ್ಲದ ಪೋರಬಂದರಿನ ಕಲ್ಲು ಬಂತು. ಕಬ್ಬಿಣದ ಬದಲು ಹಿತ್ತಾಳೆ, ತಾಮ್ರ ಬಂದವು. 1904ರಿಂದ 1906ರವರೆಗೆ ಎರಡೂ ಕಡೆ ಏಕಕಾಲಕ್ಕೆ ಅಳೆದು, ಹಳೆಯ ಮತ್ತು ಹೊಸ ದಾಖಲೆಗಳ ನಡುವೆ ಕೊಂಡಿ ಕಡಿಯದಂತೆ ನೋಡಿಕೊಂಡರು. ಮುಂಬೈಯಲ್ಲಿ ವಿದ್ಯುತ್ ಟ್ರಾಮ್ ಓಡತೊಡಗಿದ್ದು 1907ರಲ್ಲಿ. ಕೆಡುಕು ಬರುವ ಮೊದಲೇ ಜಾಗ ಬಿಟ್ಟು, ಒಂದು ಅಂಕಿಯನ್ನೂ ಕಳೆದುಕೊಳ್ಳದ ಆ ಶಿಸ್ತು ಭಾರತೀಯ ವಿಜ್ಞಾನದ ಇತಿಹಾಸದಲ್ಲಿ ಇನ್ನಷ್ಟು ಹೆಸರಾಗಬೇಕಾದ ಸಾಧನೆ.

ಕೊಲಾಬಾದ ಹಳೆಯ ಕಡತದಲ್ಲಿ ಇನ್ನೊಂದು ರತ್ನವಿದೆ. 1859ರ ಸೆಪ್ಟೆಂಬರ್ ಆರಂಭದಲ್ಲಿ, ಇದುವರೆಗೆ ದಾಖಲಾದ ಅತಿ ಬಲವಾದ ಸೌರ ಬಿರುಗಾಳಿಗಳಲ್ಲೊಂದು ಭೂಮಿಗೆ ಅಪ್ಪಳಿಸಿತು. ಬೇರೆಡೆಯ ಹಲವು ಉಪಕರಣಗಳು ತಮ್ಮ ಅಳತೆಯ ಮಿತಿಯನ್ನೇ ಮೀರಿ ಸುಮ್ಮನಾದಾಗ, ಕೊಲಾಬಾದ ಸಿಬ್ಬಂದಿ ಕಣ್ಣಿಂದ ನೋಡಿ ಅಂಕಿಗಳನ್ನು ಬರೆಯುತ್ತಲೇ ಹೋದರು. ಆ ದಿನ ಅಲ್ಲಿ ಕಾಂತಕ್ಷೇತ್ರದ ಅಡ್ಡ ಭಾಗ ಸುಮಾರು 1600 ನ್ಯಾನೊಟೆಸ್ಲಾ, ಎಂದರೆ 1.6 ಮೈಕ್ರೊಟೆಸ್ಲಾ ಕುಸಿಯಿತು. ಇಂದಿನ ಫೋನುಗಳಲ್ಲಿ ಬಳಕೆಯಾಗುವ ಚಿಪ್‌ಗಳು 0.15 ಮೈಕ್ರೊಟೆಸ್ಲಾದಷ್ಟು ಸಣ್ಣ ಮೆಟ್ಟಿಲಿನಲ್ಲಿ ಅಳೆಯಬಲ್ಲವು. ಅಂಥ ಬಿರುಗಾಳಿ ಮತ್ತೆ ಬಂದರೆ ಮೇಜಿನ ಮೇಲೆ ಅಲುಗಾಡದೆ ಮಲಗಿದ ಫೋನಿನ ಅಂಕಿಯಲ್ಲೂ ಅದರ ಗುರುತು ಮೂಡಬಹುದು! ಅದೇ ಹೊತ್ತಿಗೆ, ಮುಚ್ಚಳ ಕಚ್ಚಿಕೊಳ್ಳಲೆಂದು ಫೋನ್ ಕವರಿಗೆ ಹೊಲಿದ ಸಣ್ಣ ಅಯಸ್ಕಾಂತ ಹತ್ತಿರದಲ್ಲಿ ನೂರಾರು ಮೈಕ್ರೊಟೆಸ್ಲಾ ಕ್ಷೇತ್ರ ಉಂಟುಮಾಡುತ್ತದೆ. ಸೂರ್ಯನ ಮಹಾ ಬಿರುಗಾಳಿಗಿಂತ ಜೇಬಿನಲ್ಲಿರುವ ಕವರ್ ದಿಕ್ಸೂಚಿಗೆ ಬಲವಾದ ಶತ್ರು.

ಆದ್ದರಿಂದ ದೋಷ ಹುಡುಕುವ ಮೊದಲ ಹೆಜ್ಜೆ ಕವರ್ ತೆಗೆಯುವುದು. 2011ರ ಐಪ್ಯಾಡ್ 2ರ ಕವರ್ ಅಂಟಿಕೊಳ್ಳುತ್ತಿದ್ದುದೇ ಅಯಸ್ಕಾಂತಗಳಿಂದ. ಅಲ್ಲಿಂದ ಮುಂದೆ ಅವು ಟ್ಯಾಬ್ಲೆಟ್ ಕವರುಗಳಲ್ಲಿ ಸಾಮಾನ್ಯವಾದವು. ಕಾರಿನ ಡ್ಯಾಶ್‌ಬೋರ್ಡಿನ ಮ್ಯಾಗ್ನೆಟ್ ಸ್ಟ್ಯಾಂಡು, ಅದಕ್ಕಾಗಿ ಫೋನಿನ ಬೆನ್ನಿಗೆ ಅಂಟಿಸುವ ಉಕ್ಕಿನ ಬಿಲ್ಲೆ, ಬೆರಳಿಗೆ ಸಿಕ್ಕಿಸುವ ಉಂಗುರ, ಜೇಬಿನ ಇಯರ್‌ಫೋನ್ ಎಲ್ಲವೂ ಇದೇ ಸಾಲಿನವು. ಎರಡನೆಯ ಹೆಜ್ಜೆ ಚಾರ್ಜರ್ ಕಳಚುವುದು. ಒಂದೇ ತಂತಿಯಲ್ಲಿ 1 ಆಂಪಿಯರ್ ಹರಿದರೆ 1 ಸೆಂಟಿಮೀಟರ್ ದೂರದಲ್ಲಿ 20 ಮೈಕ್ರೊಟೆಸ್ಲಾ ಕ್ಷೇತ್ರ ಉಂಟಾಗುತ್ತದೆ. ಅದು ಇಲ್ಲಿನ ಭೂಕ್ಷೇತ್ರದ ಅರ್ಧದಷ್ಟು. ಚಾರ್ಜಿಂಗ್ ಕೇಬಲ್ಲಿನಲ್ಲಿ ಹೋಗುವ, ಬರುವ ತಂತಿಗಳು ಜೊತೆಗಿರುವುದರಿಂದ ಪರಿಣಾಮ ಬಹುಪಾಲು ರದ್ದಾಗುತ್ತದೆ, ಪೂರ್ತಿ ಅಲ್ಲ. ಮೂರನೆಯದು ದೂರ ಸರಿಯುವುದು. ಸಣ್ಣ ಅಯಸ್ಕಾಂತದ ಪ್ರಭಾವ ದೂರ ಎರಡು ಪಟ್ಟಾದರೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಂತ ಕಾರು, ಕಬ್ಬಿಣದ ಗೇಟು, ಗಾಡ್ರೇಜ್ ಬೀರು, ಆರ್‌ಸಿಸಿ ಕಂಬ ಇವುಗಳಿಂದ ಕೆಲವು ಮೀಟರ್ ಆಚೆ ಹೋದರೆ ಸಾಕು, ಎಷ್ಟೋ ಫೋನುಗಳು ತಾವಾಗಿಯೇ ಸರಿಯಾಗುತ್ತವೆ.

ನಾಲ್ಕನೆಯದು ಕ್ಯಾಲಿಬ್ರೇಷನ್, ಎಲ್ಲರಿಗೂ ಗೊತ್ತಿರುವ 8ರ ಆಕಾರದ ಕೈಬೀಸು. ಸ್ಪೀಕರು, ಕ್ಯಾಮೆರಾ, ವೈಬ್ರೇಷನ್ ಮೋಟಾರು ಇವುಗಳಲ್ಲಿ ಅಯಸ್ಕಾಂತಗಳಿವೆ. ಫೋನು ಎತ್ತ ತಿರುಗಿದರೂ ಅವು ಅದರ ಜೊತೆಗೇ ತಿರುಗುವುದರಿಂದ ಅವುಗಳ ಕೊಡುಗೆ ಚಿಪ್‌ನ ಮಟ್ಟಿಗೆ ಬದಲಾಗದ ಮೊತ್ತ. ಭೂಮಿಯದು ಮಾತ್ರ ಬದಲಾಗುತ್ತದೆ. ಎಲ್ಲ ಕೋನದಲ್ಲೂ ತಿರುಗಿಸಿ ಬಂದ ಅಳತೆಗಳನ್ನು ಚುಕ್ಕೆಗಳಾಗಿ ಇಟ್ಟರೆ ಒಂದು ಗೋಳ ಮೂಡುತ್ತದೆ. ಒಳಗಿನ ಅಯಸ್ಕಾಂತಗಳು ಆ ಗೋಳದ ಕೇಂದ್ರವನ್ನು ಪಕ್ಕಕ್ಕೆ ಸರಿಸಿರುತ್ತವೆ. ತಾನು ಅಯಸ್ಕಾಂತವಲ್ಲದಿದ್ದರೂ ಭೂಕ್ಷೇತ್ರವನ್ನು ತನ್ನೊಳಗೆ ಸೆಳೆಯುವ ಉಕ್ಕು ಆ ಗೋಳವನ್ನು ಅಂಗೈಯಲ್ಲಿ ಒತ್ತಿದ ಕಿತ್ತಳೆಯಂತೆ ಚಪ್ಪಟೆ ಮಾಡಿರುತ್ತದೆ. ಸಾಫ್ಟ್‌ವೇರ್ ಕೇಂದ್ರವನ್ನು ಸ್ವಸ್ಥಾನಕ್ಕೆ ತಂದು, ಗೋಳವನ್ನು ಮತ್ತೆ ಗುಂಡಗೆ ಮಾಡುತ್ತದೆ. ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್ 1801ರಿಂದ ಆಸ್ಟ್ರೇಲಿಯಾದ ಕರಾವಳಿಯನ್ನು ಸುತ್ತುವಾಗ ಗಮನಿಸಿದ್ದೂ, ಖಗೋಳ ವಿಜ್ಞಾನಿ ಜಾರ್ಜ್ ಏರಿ 1838ರಲ್ಲಿ ರೇನ್‌ಬೋ ಎಂಬ ಕಬ್ಬಿಣದ ಹಡಗಿನಲ್ಲಿ ಸರಿಪಡಿಸಿದ್ದೂ ಇದೇ ತೊಂದರೆಯನ್ನು. ಹಡಗನ್ನು ಎಲ್ಲ ದಿಕ್ಕಿಗೂ ತಿರುಗಿಸಿ ದಿಕ್ಸೂಚಿಯ ತಪ್ಪನ್ನು ಬರೆದುಕೊಳ್ಳುವ ನಾವಿಕರ ಪದ್ಧತಿಯೇ ಇಂದು ಅಂಗೈಯಲ್ಲಿ ನಡೆಯುತ್ತಿದೆ.

ಈ ವಿಧಾನಕ್ಕೆ ಒಂದು ಕಟ್ಟುನಿಟ್ಟಾದ ಮಿತಿಯಿದೆ. ಫೋನಿನ ಜೊತೆ ತಿರುಗುವ ದೋಷವನ್ನಷ್ಟೇ ಅದು ಕಳೆಯಬಲ್ಲದು. ಬೀರುವಿನ ಪಕ್ಕದಲ್ಲೋ ಕಾರಿನೊಳಗೋ ನಿಂತು ಎಷ್ಟು ಬೀಸಿದರೂ ಹೊರಗಿನ ಕಬ್ಬಿಣದ ಪ್ರಭಾವ ಹೋಗುವುದಿಲ್ಲ. ಅಲ್ಲಿ ಕಲಿತ ತಪ್ಪು ಲೆಕ್ಕವನ್ನು ಫೋನು ಬಯಲಿಗೂ ಹೊತ್ತು ತರುತ್ತದೆ. ಕ್ಯಾಲಿಬ್ರೇಷನ್ ಬಯಲಿನಲ್ಲೇ ಆಗಬೇಕು. ಫೋನು ಅಂಗಾತ, ಬೋರಲು, ನಿಲುವು, ಪಕ್ಕ ಹೀಗೆ ಎಲ್ಲ ಬಗೆಯಲ್ಲೂ ಹೊರಳಬೇಕು. ಕವರ್ ಹಾಕಿ ಮಾಡಿದರೆ ಕವರ್ ಸಹಿತವೇ ಬಳಸಬೇಕು. ತೆಗೆದ ಕೂಡಲೇ ಮತ್ತೆ ಮಾಡಬೇಕು.

ಐದನೆಯದು ಸೆಟ್ಟಿಂಗ್ಸ್. ಐಫೋನಿನಲ್ಲಿ ಲೊಕೇಶನ್ ಸರ್ವಿಸಸ್ ಒಳಗಿನ ಸಿಸ್ಟಮ್ ಸರ್ವಿಸಸ್‌ನಲ್ಲಿ ಕಂಪಾಸ್ ಕ್ಯಾಲಿಬ್ರೇಷನ್ ಆನ್ ಇರಬೇಕು. ಆಂಡ್ರಾಯ್ಡ್ ತನ್ನ ದಿಕ್ಸೂಚಿಯ ಭರವಸೆಯನ್ನು ತಾನೇ ದರ್ಜೆ ಕಟ್ಟಿ ಆ್ಯಪ್‌ಗಳಿಗೆ ತಿಳಿಸುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನೀಲಿ ಪಟ್ಟಿ ಅಗಲವಾದಷ್ಟೂ ಭರವಸೆ ಕಡಿಮೆ ಎಂದರ್ಥ. ಭೌಗೋಳಿಕ ಉತ್ತರವೋ ಕಾಂತೀಯ ಉತ್ತರವೋ ಎಂಬ ಆಯ್ಕೆ ಕರ್ನಾಟಕದಲ್ಲಿ ಮುಖ್ಯವಲ್ಲ, ಇಲ್ಲಿ ಎರಡರ ಅಂತರ 2 ಡಿಗ್ರಿಯ ಒಳಗೇ ಇದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಮಾತ್ರ ಅದು ಸುಮಾರು 13 ಡಿಗ್ರಿಯ ಪ್ರಶ್ನೆ.

ಕೆಲವು ಜಾಗಗಳಲ್ಲಿ ಯಾವ ಉಪಾಯವೂ ಫಲಿಸದು. ನಮ್ಮ ಮೆಟ್ರೊ ಓಡುವುದು 750 ವೋಲ್ಟ್ ನೇರ ವಿದ್ಯುತ್ತಿನ ಮೂರನೆಯ ಹಳಿಯಿಂದ. ಮುಂಬೈ ಟ್ರಾಮಿನ ಹಳೆಯ ತೊಂದರೆ ಅಲ್ಲಿ ಇನ್ನೂ ದೊಡ್ಡದಾಗಿದೆ. ಬೋಗಿಯಲ್ಲಾಗಲಿ ಪ್ಲಾಟ್‌ಫಾರ್ಮಿನಲ್ಲಾಗಲಿ ಫೋನು ತೋರಿಸುವ ಉತ್ತರವನ್ನು ನಂಬಬಾರದು. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದ ಅದಿರು ಮ್ಯಾಗ್ನೆಟೈಟ್, ಸ್ವತಃ ಕಾಂತಗುಣದ್ದು. ಅಂಥ ಬಂಡೆಗಳ ಮೇಲೆ ದಿಕ್ಸೂಚಿ ಓಲುವುದು ಸಹಜ. ಸಂಡೂರಿನ ಹೆಮಟೈಟ್ ಆ ಮಟ್ಟಿಗೆ ಕಾಡುವುದಿಲ್ಲ. ಇಂಥ ಕಡೆ ಚಾರಣಿಗರು ಮ್ಯಾಪಿನಲ್ಲಿ ಕಾಣುವ ಶಿಖರವನ್ನೋ ಕೆರೆಯನ್ನೋ ಗುರುತಿಟ್ಟು ದಿಕ್ಕು ಕಟ್ಟಿಕೊಳ್ಳುವುದು ಲೇಸು.

ಇಷ್ಟಾದರೂ ಸರಿಹೋಗದಿದ್ದರೆ ಮೂಲ ಅಂಕಿಗಳನ್ನು ನೋಡಬೇಕು. ಸೆನ್ಸರ್ ತೋರಿಸುವ ಆ್ಯಪ್‌ಗಳಲ್ಲಿ ಮೂರೂ ದಿಕ್ಕಿನ ಅಳತೆ, ಒಟ್ಟು ಮೊತ್ತ ಸಿಗುತ್ತವೆ. ಅಂಥ ಸೆನ್ಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಫೋನಿನಲ್ಲಿ ದಿಕ್ಸೂಚಿಯೇ ಇಲ್ಲ ಎಂದರ್ಥ. ಕಡಿಮೆ ಬೆಲೆಯ ಫೋನು, ಟ್ಯಾಬ್ಲೆಟ್‌ಗಳಲ್ಲಿ ಇದು ಹೊಸತೇನಲ್ಲ, ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕಾದ ಸಂಗತಿ. ಸೆನ್ಸರ್ ಇದ್ದು ಆರೋಗ್ಯವಾಗಿದ್ದರೆ ಕರ್ನಾಟಕದ ಬಯಲಿನಲ್ಲಿ ಫೋನನ್ನು ಎತ್ತ ತಿರುಗಿಸಿದರೂ ಒಟ್ಟು ಮೊತ್ತ 40 ಮೈಕ್ರೊಟೆಸ್ಲಾದ ಆಸುಪಾಸಿನಲ್ಲಿ ನಿಲ್ಲಬೇಕು. ತಿರುಗಿಸಿದಂತೆಲ್ಲ 20ಕ್ಕೆ ಇಳಿದು 80ಕ್ಕೆ ಏರುತ್ತಿದ್ದರೆ ಕ್ಯಾಲಿಬ್ರೇಷನ್ ತಪ್ಪಿದೆ, ಇಲ್ಲವೇ ಒಳಗಿನ ಯಾವುದೋ ಉಕ್ಕಿನ ಭಾಗ ಅಯಸ್ಕಾಂತವಾಗಿದೆ. ಒಂದು ದಿಕ್ಕಿನ ಅಂಕಿ ಅಲುಗದೆ ನಿಂತಿದ್ದರೆ ಚಿಪ್ ಕೆಟ್ಟಿದೆ. ರಿಪೇರಿ ಅಂಗಡಿಗೆ ಹೋಗಬೇಕಾದ್ದು ಆಗ.