ಬೆಟ್ಟಕ್ಕೂ ಪೇಟೆಗೂ ಒಂದೇ ಪ್ಯಾಂಟು: ಕೊಳ್ಳುವವರಿಗೂ ಮಾರುವವರಿಗೂ ಕೆಲವು ಲೆಕ್ಕಗಳು

ಗೋಣಿಕೊಪ್ಪಲಿನ ಜವಳಿ ಅಂಗಡಿಗಳಲ್ಲಿ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. ಬೆಟ್ಟ ಹತ್ತಲೂ ಆಗಬೇಕು, ಬಸ್ಸಿನಲ್ಲಿ ದೀರ್ಘಕಾಲ ಕುಳಿತಿರಲೂ ಆಗಬೇಕು, ಮರುದಿನ ಕಚೇರಿಗೂ ಧರಿಸುವಂತಿರಬೇಕು; ಅಂಥ ಪ್ಯಾಂಟು ಇದೆಯೇ? ಹೀಗೆ ಕೇಳುವವರು ಹೋಂಸ್ಟೇಗೆ ಬಂದ ಪ್ರವಾಸಿಗರಷ್ಟೇ ಅಲ್ಲ. ತೋಟದ ಮಾಲೀಕರು, ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. "ಇಲ್ಲ" ಎಂಬ ಉತ್ತರ ಪಡೆದವರು ಮೈಸೂರಿನ ಮಳಿಗೆಗೋ ಅಂತರ್ಜಾಲದ ಮಾರಾಟಗಾರರಿಗೋ ಹಣ ಕೊಡುತ್ತಾರೆ. ಆ ವ್ಯಾಪಾರವನ್ನು ನಮ್ಮ ಪೇಟೆಯಲ್ಲಿಯೇ ಉಳಿಸಿಕೊಳ್ಳಬೇಕಾದರೆ ಬಟ್ಟೆಯ ಗುಣವನ್ನೂ ತೆರಿಗೆಯ ಲೆಕ್ಕವನ್ನೂ ಒಟ್ಟಾಗಿ ತಿಳಿದಿರಬೇಕು.

ಜೀನ್ಸ್ ಏಕೆ ಸಾಲದು?

ಕೆಲವು ವರ್ಷಗಳ ಹಿಂದೆ, ಲೆಕ್ಕಪರಿಶೋಧನಾ ವರದಿಗಳ ಗಡುವು ಮುಗಿದ ಮರುವಾರ, ಮಗನೊಂದಿಗೆ ಕಕ್ಕಬ್ಬೆಯ ಕಡೆಯಿಂದ 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಿದೆ. ನಾನು ಧರಿಸಿದ್ದು ದಪ್ಪ ಜೀನ್ಸ್. ದಾರಿಯಲ್ಲಿ ಮಳೆ ಹಿಡಿಯಿತು. ನೆನೆದ ಬಟ್ಟೆ ತೊಡೆಗೆ ಅಂಟಿಕೊಂಡು, ಮೊಣಕಾಲು ಎತ್ತಿದಾಗಲೆಲ್ಲ ಹಿಂದಕ್ಕೆಳೆಯಿತು. ಇಳಿಯುವಾಗ ಕಾಲು ಸರಿಯಾಗಿ ಮಡಚಲಾಗದೆ ಜಾರಿಬಿದ್ದು ಎರಡು ವಾರ ಕುಂಟಿದೆ. ತಪ್ಪು ಬೆಟ್ಟದ್ದೂ ಅಲ್ಲ, ಮಳೆಯದ್ದೂ ಅಲ್ಲ, ಆಯ್ಕೆಯದ್ದು.

ಹತ್ತಿ ನೀರನ್ನು ಹೀರಿಕೊಂಡು ಭಾರವಾಗುತ್ತದೆ, ನಿಧಾನವಾಗಿ ಒಣಗುತ್ತದೆ. ನೈಲಾನ್ ಮತ್ತು ಪಾಲಿಯೆಸ್ಟರ್ ನೀರನ್ನು ಹೀರುವುದು ಅತ್ಯಲ್ಪ. ಈ ಎರಡರಲ್ಲಿ ನೈಲಾನ್ ಮುಳ್ಳು, ಬಂಡೆಗಳ ಉಜ್ಜುವಿಕೆಗೆ ಹೆಚ್ಚು ಬಾಳಿಕೆ ಬರುತ್ತದೆ; ಪಾಲಿಯೆಸ್ಟರ್ ಬೆಲೆಯಲ್ಲಿ ಅಗ್ಗ. ಇವುಗಳೊಡನೆ ಅಲ್ಪ ಪ್ರಮಾಣದ ಸ್ಪಾಂಡೆಕ್ಸ್ ಬೆರೆತರೆ ಬಟ್ಟೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಬೇಸಿಗೆಯ ಸೆಕೆಯಲ್ಲಿ ಹತ್ತಿಯ ಸುಖ ಬೇರೆಯೇ ಎಂಬುದೂ ನಿಜ. ಆದುದರಿಂದ ಪೇಟೆಯ ಓಡಾಟವೇ ಹೆಚ್ಚಾಗಿರುವವರಿಗೆ ಹತ್ತಿಯ ಮಿಶ್ರಣವೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟ ಸುತ್ತುವವರಿಗೆ ನೈಲಾನ್ ಮಿಶ್ರಣವೂ ತಕ್ಕುದು.

ನೋಡಬೇಕಾದ ಅಂಶಗಳು

1. ಎರಡು ಕಾಲುಗಳ ಹೊಲಿಗೆ ಸೇರುವಲ್ಲಿ ಪ್ರತ್ಯೇಕ ತುಂಡುಬಟ್ಟೆ ಇಟ್ಟು ಹೊಲಿದಿರಬೇಕು. ಹೊಲಿಗೆಗಳೆಲ್ಲ ಒಂದೇ ಬಿಂದುವಿನಲ್ಲಿ ಕೂಡಿದರೆ ಕಾಲು ಅಗಲಿಸಿದಾಗ ಬಿಚ್ಚುವುದು ಅಲ್ಲಿಯೇ.

2. ಕನಿಷ್ಠ ಒಂದು ಜೇಬಿಗಾದರೂ ಜಿಪ್ ಇರಲಿ. ಮಹಿಳೆಯರ ಪ್ಯಾಂಟುಗಳಲ್ಲಿ ಜೇಬು ಹೆಸರಿಗಷ್ಟೇ ಇರುತ್ತದೆ ಎಂಬ ದೂರು ನ್ಯಾಯವಾದುದು.

3. ಕಾಲಿನ ತುದಿಯನ್ನು ದಾರದಿಂದಲೋ ಗುಂಡಿಯಿಂದಲೋ ಬಿಗಿಯುವಂತಿದ್ದರೆ ಇಂಬಳಗಳ ಕಾಟ ತಗ್ಗುತ್ತದೆ.

4. ಬಣ್ಣ ಬೂದು, ಕಂದು ಅಥವಾ ಪಾಚಿಹಸಿರು ಆಗಿರಲಿ. ಹೊರಗೆ ಉಬ್ಬಿದ ಜೇಬುಗಳಿಲ್ಲದಿದ್ದರೆ ಅದೇ ಪ್ಯಾಂಟು ಕಚೇರಿಗೂ ಒಪ್ಪುತ್ತದೆ.

ಮೊಣಕಾಲಿನಲ್ಲಿ ಜಿಪ್ ಬಿಚ್ಚಿ ಚಡ್ಡಿಯಾಗಿಸುವ ಬಗೆಯ ಪ್ಯಾಂಟು ಪ್ರಯಾಣಕ್ಕೆ ಅನುಕೂಲ. ಆದರೆ ಆ ಜಿಪ್ ಕಣ್ಣಿಗೆ ಬೀಳುವುದರಿಂದ ಕಚೇರಿಯ ಉಡುಪಾಗಿ ಶೋಭಿಸದು.

ತೆರಿಗೆಯ ಗಡಿ

22 ಸೆಪ್ಟೆಂಬರ್ 2025ರಿಂದ ಸಿದ್ಧ ಉಡುಪಿನ ಜಿಎಸ್‌ಟಿ ದರ ಬದಲಾಗಿದೆ. ತುಂಡೊಂದರ ಮಾರಾಟ ಮೌಲ್ಯ ರೂ. 2,500 ಮೀರದಿದ್ದರೆ ಶೇ. 5, ಮೀರಿದರೆ ಶೇ. 18. ಅದಕ್ಕೂ ಮೊದಲು ಈ ಗಡಿ ರೂ. 1,000 ಆಗಿದ್ದು, ಮೀರಿದರೆ ಶೇ. 12 ಇತ್ತು. ಒಳ್ಳೆಯ ಪ್ರಯಾಣದ ಪ್ಯಾಂಟುಗಳ ಬೆಲೆ ಹಲವು ವೇಳೆ ಈ ಹೊಸ ಗಡಿಯ ಆಸುಪಾಸಿನಲ್ಲಿಯೇ ಇರುವುದರಿಂದ ಲೆಕ್ಕವನ್ನು ಗಮನಿಸಬೇಕು.

ತೆರಿಗೆರಹಿತ ಬೆಲೆ ರೂ. 2,500 ಆದರೆ ತೆರಿಗೆ ರೂ. 125, ಗ್ರಾಹಕರು ಕೊಡುವುದು ರೂ. 2,625. ಬೆಲೆಯನ್ನು ಕೇವಲ ನೂರು ರೂಪಾಯಿ ಏರಿಸಿ ರೂ. 2,600 ಮಾಡಿದರೆ ತೆರಿಗೆ ರೂ. 468 ಆಗಿ ಗ್ರಾಹಕರಿಗೆ ಬೀಳುವುದು ರೂ. 3,068. ವ್ಯಾಪಾರಿಗೆ ದೊರೆತದ್ದು ನೂರು, ಗ್ರಾಹಕರು ಹೆಚ್ಚುವರಿಯಾಗಿ ತೆತ್ತದ್ದು ನಾಲ್ಕುನೂರ ನಲವತ್ತಮೂರು.

ತೆರಿಗೆ ಸೇರಿಸಿ ಬೆಲೆಚೀಟಿ ಅಂಟಿಸುವವರು ರೂ. 2,625ರಿಂದ ರೂ. 2,950ರವರೆಗಿನ ನಡುವಣ ಬೆಲೆಗಳನ್ನು ಇಡಲೇಬಾರದು. ಶೇ. 5ರಂತೆ ಹಿಂಲೆಕ್ಕ ಹಾಕಿದರೆ ಮೌಲ್ಯ ಗಡಿಯನ್ನು ಮೀರುತ್ತದೆ, ಶೇ. 18ರಂತೆ ಹಾಕಿದರೆ ಗಡಿಯೊಳಗೆ ಬೀಳುತ್ತದೆ. ಎರಡೂ ಲೆಕ್ಕ ಕೂಡಿಬರದೆ ವಿವಾದಕ್ಕೆ ದಾರಿಯಾಗುತ್ತದೆ. ಮಾರಾಟದ ಹೊತ್ತಿನಲ್ಲಿಯೇ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದ ರಿಯಾಯಿತಿಯನ್ನು ಮೌಲ್ಯದಿಂದ ಕಳೆಯಬಹುದು. ರೂ. 2,800ರ ಪ್ಯಾಂಟಿಗೆ ರೂ. 350 ರಿಯಾಯಿತಿ ತೋರಿಸಿದರೆ ಮೌಲ್ಯ ರೂ. 2,450, ದರ ಶೇ. 5. ರಿಯಾಯಿತಿಯನ್ನು ಬಾಯಿಮಾತಿನಲ್ಲಿ ಕೊಟ್ಟು ಬಿಲ್ಲಿನಲ್ಲಿ ಬರೆಯದಿದ್ದರೆ ಈ ಅನುಕೂಲವಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರು ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಹೂಡುವಳಿ ತೆರಿಗೆಯ ಜಮೆಯನ್ನೂ ಪಡೆಯುವಂತಿಲ್ಲ. ಖರೀದಿಯ ಮೇಲೆ ತೆತ್ತ ತೆರಿಗೆ ಅವರಿಗೆ ವೆಚ್ಚವೇ.

ದಾಸ್ತಾನಿನ ಎಚ್ಚರಿಕೆ

ಹೊಸ ಸರಕಿನ ಉತ್ಸಾಹದಲ್ಲಿ ಎಲ್ಲ ಬಣ್ಣ, ಎಲ್ಲ ಅಳತೆ ತರಿಸುವುದು ಸಾಮಾನ್ಯ ತಪ್ಪು. ರೂ. 1,200ರಂತೆ ಅರವತ್ತು ಪ್ಯಾಂಟು ವರ್ಷವಿಡೀ ಮಾರಾಟವಾಗದೆ ಉಳಿದರೆ ಸಿಕ್ಕಿಬಿದ್ದ ಬಂಡವಾಳ ರೂ. 72,000, ಶೇ. 12ರ ಬಡ್ಡಿಯಂತೆ ವರ್ಷಕ್ಕೆ ರೂ. 8,640 ನಷ್ಟ. ಮೊದಲ ಸುತ್ತಿಗೆ ಎರಡೇ ಬಣ್ಣ, ಹೆಚ್ಚು ಹೋಗುವ ಅಳತೆಗಳಷ್ಟೇ ಸಾಕು. ವರ್ಷಾಂತ್ಯದಲ್ಲಿ ಉಳಿದ ಸರಕನ್ನು ಕೊಂಡ ಬೆಲೆ, ನಿವ್ವಳ ಮಾರಾಟ ಮೌಲ್ಯ ಇವೆರಡರಲ್ಲಿ ಕಡಿಮೆಯಾದುದಕ್ಕೆ ಲೆಕ್ಕ ಹಿಡಿಯಬೇಕು. ಉಳಿಕೆಯನ್ನು ರಿಯಾಯಿತಿಯಲ್ಲಿ ಮಾರಿದರೆ ಹೂಡುವಳಿ ತೆರಿಗೆಯ ಜಮೆ ಉಳಿಯುತ್ತದೆ. ಲೆಕ್ಕದಿಂದ ತೆಗೆದುಹಾಕಿದರೆ ಅಥವಾ ಉಡುಗೊರೆಯಾಗಿ ಹಂಚಿದರೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ.

ಅಂತರ್ಜಾಲದ ಮಾರಾಟಗಾರರಿಗಿಲ್ಲದ ಒಂದು ಅನುಕೂಲ ನಮ್ಮ ಅಂಗಡಿಗಳಿಗುಂಟು. ಗ್ರಾಹಕರು ಬಟ್ಟೆಯನ್ನು ಮುಟ್ಟಿ ನೋಡಬಹುದು, ಪಕ್ಕದ ದರ್ಜಿಯವರಿಂದ ಉದ್ದ ಕಡಿಮೆ ಮಾಡಿಸಿಕೊಳ್ಳಬಹುದು. ಪ್ಯಾಂಟು ತೊಟ್ಟು ನೋಡುವವರಿಗೆ ಒಮ್ಮೆ ಕುಕ್ಕುರುಗಾಲಿನಲ್ಲಿ ಕೂತು ಏಳಲು, ಮೊಣಕಾಲನ್ನು ಸೊಂಟದವರೆಗೆ ಎತ್ತಲು ಹೇಳಿ. ಸೊಂಟದಲ್ಲಾಗಲಿ ತೊಡೆಯಲ್ಲಾಗಲಿ ಬಿಗಿಯದಿದ್ದರೆ ಆ ಪ್ಯಾಂಟು ಬೆಟ್ಟಕ್ಕೂ ಆಗುತ್ತದೆ, ಪೇಟೆಗೂ ಆಗುತ್ತದೆ. ನಾನು ಆ ದಿನ ಮನೆಯಲ್ಲಿಯೇ ಈ ಪರೀಕ್ಷೆ ಮಾಡಿದ್ದರೆ ಎರಡು ವಾರ ಕುಂಟಬೇಕಾಗಿರಲಿಲ್ಲ.