ಮೇ 31ರ ಮರುದಿನ

ಬಸವನ ಬಾಗೇವಾಡಿ, ಸಿಂದಗಿ ಕಡೆ ಜೂನ್ 1ರಂದು ಹುಟ್ಟಿದವರು ಬಹಳ. ಮಗ ಹುಟ್ಟಿದ್ದು ಶೀಗಿ ಹುಣ್ಣಿಮೆಯ ಹಿಂದುಮುಂದು ಎಂದು ತಾಯಿಗೆ ನೆನಪಿರುತ್ತದೆ. ಆದರೆ ಸಾಲಿಗೆ ಹೆಸರು ಹಚ್ಚುವಾಗ ಹೆಡ್‌ಮಾಸ್ತರರು ವಯಸ್ಸು ಕೂಡಿಸಿ ಜೂನ್ 1 ಎಂದು ಬರೆದುಬಿಟ್ಟಿರುತ್ತಾರೆ. ಮುಂದೆ ನೌಕರಿ ಮುಗಿಯುವ ದಿನವೂ ಆ ಒಂದು ಸಾಲಿನಿಂದಲೇ ತೀರ್ಮಾನ. ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿ ವಯಸ್ಸು 60. ತಿಂಗಳ ಮೊದಲ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹೊರಬೀಳಬೇಕು. ಹಾಗಾಗಿ ಪ್ರತಿ ವರ್ಷ ಮೇ 31 ಬಂತೆಂದರೆ ಶಾಲು, ಹಾರ, ಫಲತಾಂಬೂಲ, ಭಾಷಣ.

60 ಎಂಬ ಗೆರೆಗೂ ಶರೀರಕ್ಕೂ ಅಂಥ ಸಂಬಂಧವೇನಿಲ್ಲ. 1889ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ವೃದ್ಧಾಪ್ಯ ಪಿಂಚಣಿಯ ಕಾನೂನು ತಂದಾಗ ವಯಸ್ಸು 70 ಇತ್ತು. 1916ರಲ್ಲಿ ಅದನ್ನು 65ಕ್ಕೆ ಇಳಿಸಿದರು. ನಮ್ಮ ರಾಜ್ಯದಲ್ಲಿ 2008ರವರೆಗೆ 58 ಇತ್ತು. ಇವೆಲ್ಲ ಬೊಕ್ಕಸದ ಲೆಕ್ಕಗಳು.

ಮಿದುಳಿನ ಲೆಕ್ಕ ಬೇರೆಯೇ ಇದೆ. ಅಮೆರಿಕದ ಸಿಯಾಟಲ್‌ನಲ್ಲಿ ಮನೋವಿಜ್ಞಾನಿ ವಾರ್ನರ್ ಶೈ 1956ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಕರೆದು ಪರೀಕ್ಷಿಸುತ್ತ ಹೋದರು. ಕಣ್ಣಿಗೆ ಬಿದ್ದದ್ದನ್ನು ಥಟ್ಟನೆ ಗುರುತಿಸುವ ವೇಗ ಯೌವನದಲ್ಲೇ ಇಳಿಯತೊಡಗುತ್ತದೆ. ಆದರೆ ಶಬ್ದಸಂಪತ್ತು, ತರ್ಕ ಮುಂತಾದವು ನಡುವಯಸ್ಸಿನಲ್ಲಿ ತುತ್ತತುದಿ ಮುಟ್ಟುತ್ತವೆ. ಹೆಚ್ಚಿನವರಲ್ಲಿ 60 ದಾಟುವವರೆಗೂ ಹೇಳಿಕೊಳ್ಳುವಂಥ ಕುಸಿತ ಕಾಣಲಿಲ್ಲ. ಹೊಸ ಮೊಬೈಲ್ ಆ್ಯಪ್ ಎದುರು ತಡವರಿಸುವ ಹಿರಿಯ ಮಾಸ್ತರರನ್ನೇ ಮೂರನೇ ಇಯತ್ತೆಯ ಹುಡುಗನ ಪಕ್ಕ ಕೂಡಿಸಿ ನೋಡಿ. ಹುಡುಗ ಪಾಠವನ್ನು ಗಳಗಳ ಒಪ್ಪಿಸುತ್ತಿದ್ದರೆ ಅವರು ಸುಮ್ಮನೆ ಹೆಬ್ಬೆರಳಿನಿಂದ ಒಂದು ಶಬ್ದ ಮುಚ್ಚುತ್ತಾರೆ. ಹುಡುಗ ಮುಚ್ಚಿದ ಶಬ್ದವನ್ನೂ ಓದಿಬಿಟ್ಟರೆ ಅದು ಬಾಯಿಪಾಠ. ಮೂವತ್ತು ವರ್ಷ ಮಕ್ಕಳ ಮುಂದೆ ಕೂತವರಿಗೆ ಅದು ಎರಡು ನಿಮಿಷದ ಕೆಲಸ. ಈ ಪಳಗಿದ ಬುದ್ಧಿಯೇ ಮೇ 31ರಂದು ಶಾಲು ಹೊದ್ದು ಮನೆಗೆ ಹೋಗುತ್ತದೆ.

ಹೋದ ಮೇಲೆ ಏನಾಗುತ್ತದೆ? ಬ್ರಿಟನ್ನಿನಲ್ಲಿ 1985ರಿಂದ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ಬೆಂಬತ್ತಿದ ವೈಟ್‌ಹಾಲ್ ಅಧ್ಯಯನದಲ್ಲಿ ಒಂದು ಸಂಗತಿ ಕಂಡಿತು. ಕೇಳಿದ ಶಬ್ದಗಳನ್ನು ನೆನಪಿಟ್ಟು ಹೇಳುವ ಶಕ್ತಿ ನಿವೃತ್ತಿಯ ನಂತರ ಮೊದಲಿಗಿಂತ ಬೇಗ ಕುಂದಿತು. ಮೇಲಿನ ಹುದ್ದೆಯಲ್ಲಿದ್ದವರಿಗೆ ನೌಕರಿಯ ದಿನಗಳಲ್ಲಿ ಇದ್ದ ರಕ್ಷಣೆ ಆಮೇಲೆ ಉಳಿಯಲಿಲ್ಲ. ತರ್ಕಶಕ್ತಿಯಂಥ ಉಳಿದ ಸಾಮರ್ಥ್ಯಗಳಲ್ಲಿ ಇಂಥ ಬದಲಾವಣೆ ಸ್ಪಷ್ಟವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ನನಗೆ ಇದು ಮುಖ್ಯವೆನಿಸುತ್ತದೆ. ನಲವತ್ತು ಮಕ್ಕಳ ಹೆಸರು, ಯಾರ ಅಪ್ಪ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದಾನೆ, ಯಾವ ಹುಡುಗಿ ಎರಡು ದಿನದಿಂದ ಬಂದಿಲ್ಲ ಎಂಬುದನ್ನೆಲ್ಲ ದಿನವೂ ತಲೆಯಲ್ಲಿ ಇಟ್ಟುಕೊಂಡಿದ್ದವರನ್ನು ಒಂದು ಬೆಳಗಿನಿಂದ ಯಾರೂ ಏನೂ ಕೇಳುವುದಿಲ್ಲ. ಪಿಂಚಣಿ ಬರುತ್ತದೆ, ಕೇಳುವವರು ಬರುವುದಿಲ್ಲ.

ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ 1950ರಲ್ಲೇ ಹೇಳಿದ್ದರು: ಸುಮಾರು 40ರಿಂದ 65ರವರೆಗಿನ ಆಯುಷ್ಯದಲ್ಲಿ ಮನುಷ್ಯ ಒಂದೋ ಮುಂದಿನ ಪೀಳಿಗೆಗಾಗಿ ಏನನ್ನಾದರೂ ಬೆಳೆಸುತ್ತಾನೆ, ಇಲ್ಲವೇ ತನ್ನೊಳಗೇ ನಿಂತ ನೀರಾಗುತ್ತಾನೆ. ಈ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಫ.ಗು. ಹಳಕಟ್ಟಿ 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲಿ ಮಾಡಿದವರು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಮತ್ತು ಅವನ ಜೊತೆಗಾರರ ವಚನಗಳ ತಾಳೆಗರಿಗಳನ್ನು ಊರೂರು ಅಲೆದು ಕೂಡಿಹಾಕಿದರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ, ಅವರ 43ನೇ ವಯಸ್ಸಿಗೆ. ಆಮೇಲೆ ಸ್ವಂತ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುಮಾಡಿ ದಶಕಗಳ ಕಾಲ ನಡೆಸಿದರು. 1964ರಲ್ಲಿ ತೀರಿಕೊಂಡರು. ಹೆಚ್ಚಿನವರು ಇನ್ನು ಸಾಕು ಎನ್ನುವ ವಯಸ್ಸಿನಲ್ಲಿ ಅವರ ದೊಡ್ಡ ಕೆಲಸ ಮೊದಲಾಯಿತು. ಮನೆ ಮಾರುವ ತ್ಯಾಗ ಎಲ್ಲರಿಂದ ಆಗದು. ಆದರೆ ಬಲ್ಲದ್ದನ್ನು ಕಿರಿಯರ ಕೈಗೆ ಮುಟ್ಟಿಸುವ ಕೆಲಸ ಎಲ್ಲರಿಗೂ ಇದೆ.

ಅದರಿಂದ ಮಾಡುವವರಿಗೇ ಲಾಭವಾಗುತ್ತದೆಯೇ ಎಂದು ಬಾಲ್ಟಿಮೋರ್ ನಗರದಲ್ಲಿ ಪರೀಕ್ಷಿಸಿದ್ದಾರೆ. 60 ದಾಟಿದವರನ್ನು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಕಳಿಸಿ, ವಾರಕ್ಕೆ ಸುಮಾರು 15 ಗಂಟೆ ಚಿಕ್ಕ ಮಕ್ಕಳಿಗೆ ಓದು ಕಲಿಸಲು, ಗ್ರಂಥಾಲಯ ನೋಡಿಕೊಳ್ಳಲು ಹಚ್ಚಿದರು. ಎರಡು ವರ್ಷದ ನಂತರ ಮಿದುಳಿನ ಚಿತ್ರ ತೆಗೆದಾಗ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಈ ಗುಂಪಿನ ಗಂಡಸರಲ್ಲಿ ಕುಗ್ಗುವ ಬದಲು ತುಸು ಬೆಳೆದಿತ್ತು. ಹೆಂಗಸರಲ್ಲಿ ಫಲ ಇಷ್ಟು ಖಚಿತವಾಗಿರಲಿಲ್ಲ. ಬರೀ ನಡಿಗೆಯಿಂದಲೂ ಇದೇ ಭಾಗ ಬೆಳೆದ ಇನ್ನೊಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು: ವಾರಕ್ಕೆ ಮೂರು ದಿನ 40 ನಿಮಿಷ, ಒಂದು ವರ್ಷದಲ್ಲಿ ಸುಮಾರು ಶೇ 2ರಷ್ಟು. ನಮ್ಮ ಕನ್ನಡ ಸಾಲಿಗಳಲ್ಲಿ ಓದಲು ತಡವರಿಸುವ ಮಕ್ಕಳಿಗೆ ಕೊರತೆಯಿಲ್ಲ, ನಿವೃತ್ತ ಮಾಸ್ತರರಿಗೂ ಕೊರತೆಯಿಲ್ಲ. ಇಬ್ಬರ ನಡುವಿನ ದಾರಿ ಬಹಳ ಊರುಗಳಲ್ಲಿ ಅರ್ಧ ಮೈಲಿಯೂ ಇರಲಾರದು.

ಇಲ್ಲಿಯವರೆಗೆ ಪಿಂಚಣಿದಾರರ ಮಾತಾಯಿತು. ಬಿಳಿಜೋಳ, ತೊಗರಿ ಬೆಳೆಯುವ ಒಣಬೇಸಾಯದ ರೈತನಿಗೆ ಮೇ 31 ಇಲ್ಲ, ಅವನ ಹೆಂಡತಿಗಂತೂ ಇಲ್ಲವೇ ಇಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಿದ್ದೆ ಕೆಡುತ್ತದೆ, ಮೈ ಬಿಸಿಯೇರುತ್ತದೆ, ಎಲುಬು ಸವೆಯತೊಡಗುತ್ತದೆ. ಅದೇ ಹೊತ್ತಿಗೆ ಮಗ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿ ಮೊಮ್ಮಕ್ಕಳು ಅವಳ ಮಡಿಲಿಗೆ ಬಂದಿರುತ್ತವೆ. ಅಂಥವಳಿಗೆ ಹೊಸ ಕಲಿಕೆಯ ಜಾಗವಾಗಿ ಒದಗಿದ್ದು ಸಂಘ. 2000ದ ಹೊತ್ತಿಗೆ ಸ್ತ್ರೀಶಕ್ತಿ ಗುಂಪುಗಳು ಶುರುವಾದ ಮೇಲೆ, ಹೆಬ್ಬೆಟ್ಟು ಒತ್ತುತ್ತಿದ್ದ ಎಷ್ಟೋ ಅವ್ವಂದಿರು ಐವತ್ತರ ಹತ್ತಿರ ಸಹಿ ಕಲಿತರು, ಠರಾವು ಬರೆಸಿದರು, ಬ್ಯಾಂಕ್ ಮ್ಯಾನೇಜರರ ಎದುರು ಕುರ್ಚಿಯಲ್ಲಿ ಕೂತು ಸಾಲದ ಮಾತಾಡಿದರು. ಗಂಡಸರಿಗೆ ಭಜನೆ ಇದೆ. ಶ್ರಾವಣದಲ್ಲಿ ಅಕ್ಷರ ಬಾರದ ಅಜ್ಜ ಹೊಸ ತತ್ವಪದವನ್ನು ಕಿವಿಯಿಂದಲೇ ಕಲಿತು, ತಾಳ ತಪ್ಪದೆ ಹತ್ತು ಮಂದಿಯೊಡನೆ ಹಾಡುತ್ತಾನೆ. ನೆನಪು, ಉಸಿರು, ಕೈ, ಸ್ನೇಹ ನಾಲ್ಕಕ್ಕೂ ಏಕಕಾಲಕ್ಕೆ ಕೆಲಸ.

ಈ ಎಲ್ಲದಕ್ಕೂ ಮೊದಲು ಮಾಡಿಸಬೇಕಾದದ್ದೊಂದಿದೆ, ಅದನ್ನೇ ನಾವು ಕಡೆಗಣಿಸುತ್ತೇವೆ. 2024ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಮರೆವಿನ ಕಾಯಿಲೆಗೆ ದಾರಿಮಾಡುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಹೆಸರಿಸಿತು. ಬಿ.ಪಿ., ಸಕ್ಕರೆ ಕಾಯಿಲೆ, ತಂಬಾಕು, ಒಂಟಿತನಗಳ ಜೊತೆಗೆ ಕಿವಿ ಮಂದವಾಗುವುದು, ಮಸುಕಾದ ಕಣ್ಣಿಗೆ ಚಿಕಿತ್ಸೆ ಮಾಡಿಸದಿರುವುದೂ ಅದರಲ್ಲಿವೆ. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಈಚೆಗೆ ಮಾತು ಕಡಿಮೆ ಮಾಡಿದ್ದಾರೆ ಎಂದರೆ ನಾವು ‘ವಯಸ್ಸಾಯಿತು, ಬಿಡು’ ಎನ್ನುತ್ತೇವೆ. ಎಷ್ಟೋ ಸಲ ಅವರಿಗೆ ಪಕ್ಕದವನ ಮಾತು ಕೇಳಿಸಿರುವುದಿಲ್ಲ. ಎರಡೆರಡು ಸಲ ‘ಏನಂದಿ?’ ಎಂದು ಕೇಳಲು ನಾಚಿ, ಮೊದಲು ಮಾತು ಬಿಡುತ್ತಾರೆ, ಆಮೇಲೆ ಕಟ್ಟೆಗೆ ಬರುವುದನ್ನೇ ಬಿಡುತ್ತಾರೆ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದ್ದರೆ ತೆಗೆಯಲು ಡಾಕ್ಟರರಿಗೆ ಕೆಲವು ನಿಮಿಷ ಸಾಕು. ನರ ಸೋತಿದ್ದರೆ ಕಿವಿಮಶೀನು ಬೇಕಾದೀತು. ಕಣ್ಣಿನ ಪೊರೆಯ ಆಪರೇಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ, ಶಿಬಿರಗಳಲ್ಲಿ ಪುಕ್ಕಟೆ ಆಗುತ್ತದೆ. ಮಕ್ಕಳು ಊರಿಗೆ ಬಂದಾಗ ಅಪ್ಪ-ಅವ್ವನಿಗೆ ಹೊಸ ಬಟ್ಟೆ ತರುವುದು ವಾಡಿಕೆ. ಅದರ ಜೊತೆಗೆ ಒಂದು ದಿನ ಬಿಡುವು ಮಾಡಿಕೊಂಡು ಅವರ ಕಿವಿ, ಕಣ್ಣು, ಬಿ.ಪಿ. ಮೂರನ್ನೂ ತೋರಿಸಿ ತರಲಿ.